ಅಪ್‌ಡೇಟ್: ಟಿಬಿ ಅಲ್ಲ, ಮೆಲಿಯಾಯ್ಡೋಸಿಸ್

ಟಿಬಿ ಮಾತ್ರೆಗೂ ಬಗ್ಗದ ಜ್ವರ, ಗುಲ್ಮದಲ್ಲಿ (ಸ್ಪ್ಲೀನ್) ಕೀವು, ಜೊತೆಗೆ ಸಕ್ಕರೆ ಕಾಯಿಲೆ ಅಂತ ಅಪ್ಪನ ಬಗ್ಗೆ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು: ಮೆಲಿಯಾಯ್ಡೋಸಿಸ್, ಅಂದರೆ ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ‘ಕೀವನ್ನೇ ಕಲ್ಚರ್‌ಗೆ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳಿಸಿ, ಚೀಟಿಯಲ್ಲಿ ಮೆಲಿಯಾಯ್ಡೋಸಿಸ್ ಅನುಮಾನ ಅಂತ ಬರೆಸಿ’ ಅಂದವರಿಗೆ ನಮಸ್ಕಾರ. ಬರೆಸದಿದ್ದರೆ ಲ್ಯಾಬ್‌ನಲ್ಲಿ ಇದು ಸೂಡೊಮೊನಾಸ್ ಅನ್ನೋ ಬೇರೆ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಸೇರಿಬಿಡಬಹುದು. ಸುಳಿವೇನೆಂದರೆ, ಆ್ಯಂಟಿಬಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಮೆಲಿಯಾಯ್ಡೋಸಿಸ್‌ನ ಬ್ಯಾಕ್ಟೀರಿಯಾ ಜೆಂಟಾಮೈಸಿನ್, ಕೊಲಿಸ್ಟಿನ್‌ಗೆ ಜಗ್ಗಲ್ಲ, ಆಗ್‌ಮೆಂಟಿನ್‌ಗೆ ಬಗ್ಗುತ್ತೆ. ಅಜಿತ್ರೋಮೈಸಿನ್ ಕೊಡಿಸಿ ಅಂತ ಬಂದಿದ್ದ ಸಲಹೆ ಕೆಲಸಕ್ಕೆ ಬರಲಿಲ್ಲ, ಬರುವಂಥದ್ದೂ ಅಲ್ಲ.

ಬೆಂಗಳೂರಲ್ಲಿ ಇದೆಲ್ಲಿಂದ ಬಂತು ಅನ್ನಬೇಡಿ. ಕರಾವಳಿಯಂಥ ಕಡೆ ಇದ್ದಾಗ ಅಲ್ಲಿನ ಮಣ್ಣು, ನೀರಿನಿಂದ ಮೈ ಸೇರಿ, ವರ್ಷಗಟ್ಟಲೆ ಅಡಗಿದ್ದು ಆಮೇಲೆ ಬೇರೆ ಊರಲ್ಲಿ ಕಾಣಿಸಿಕೊಳ್ಳಬಲ್ಲದು.

ಕೀವು ತೆಗೆಸಿದ್ದಾಯ್ತು. ಈಗ ಸೆಫ್ಟಾಜಿಡೈಮ್ ಆ್ಯಂಟಿಬಯಾಟಿಕ್ 2 ಗ್ರಾಂ, 6 ಗಂಟೆಗೊಮ್ಮೆ ಡ್ರಿಪ್‌ನಲ್ಲಿ. ಒಳ ಅಂಗದ ಕೀವುಗಡ್ಡೆಗೆ ಇದು ಕನಿಷ್ಠ 4 ವಾರ. ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ 3 ತಿಂಗಳು. ಅದು ಪೊಟ್ಯಾಸಿಯಂ ಏರಿಸುತ್ತೆ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಜೊತೆ ಆಗಾಗ ನೋಡಿಸಬೇಕು. ಸರಿಯಾದ ಔಷಧಿಯಲ್ಲೂ ಜ್ವರ ಇಳಿಯಲು ವಾರ ದಾಟಬಹುದು. ಗಾಬರಿಯಾಗಿ ಔಷಧಿ ಬದಲಾಯಿಸಬೇಡಿ.