ಸಹಾಯ ಬೇಕು: ಬರ್ಮೀಸ್ ಅಕ್ಷರ ಯೂನಿಕೋಡ್‌ಗೆ ಬದಲಾಯಿಸೋದು ಹೇಗೆ?

ಎಲ್ರಿಗೂ ನಮಸ್ಕಾರ. ನಾನಿರೋದು ಸಿಂಗಾಪುರದಲ್ಲಿ, ನಮ್ಮ ಆಫೀಸಲ್ಲಿ ಮ್ಯಾನ್ಮಾರ್ (ಹಳೇ ಬರ್ಮಾ) ದೇಶದ ಯಾಂಗೊನ್ ಕಡೆಯ ಒಬ್ರು ಹಿರಿಯರಿದ್ದಾರೆ, ವಿನ್ ಊ ಅಂದ್ರೆ ಅವ್ರಿಗೆ ಪ್ರಾಣ. ವಿನ್ ಊ (1935-1988) ಬರ್ಮಾದ ದೊಡ್ಡ ಸಿನಿಮಾ ನಟ, ಹಾಡುಗಾರ, ನಿರ್ದೇಶಕ, ಸಾಹಿತಿ ಕೂಡ. ನಮ್ಮ ಹಿರಿಯರು ಊರಿಗೆ ಹೋಗಿ ಎಷ್ಟೋ ವರ್ಷ ಆಯ್ತಂತೆ, ಊಟದ ಹೊತ್ತಲ್ಲಿ ವಿನ್ ಊ ಹಾಡು ಗುನುಗ್ತಾ ಇದ್ರೆ ನಂಗೇ ಕಣ್ಣು ತುಂಬುತ್ತೆ. ಅವ್ರು ರಿಟೈರ್ ಆಗೋ ದಿನ ಆ ಹಾಡುಗಳ ಸಾಹಿತ್ಯ ಪ್ರಿಂಟ್ ಹಾಕಿಸಿ ಚಿಕ್ಕ ಪುಸ್ತಕ ಮಾಡಿ ಕೊಡ್ಬೇಕು ಅಂತ ಆಸೆ.

ಅವ್ರ ತಮ್ಮ ಕಳಿಸಿದ ಫೈಲ್ ಝೋಜಿ ಅನ್ನೋ ಹಳೇ ಫಾಂಟ್‌ದು, ಕನ್ನಡ ಟೈಪ್ ಮಾಡೋ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೇ ಫೈಲ್‌ಗಳ ಕಥೇನೇ. ಮ್ಯಾನ್ಮಾರ್ 2019ರ ಅಕ್ಟೋಬರ್ 1ಕ್ಕೆ ಯೂನಿಕೋಡ್‌ಗೆ (ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಪದ್ಧತಿ) ಹೋಯ್ತು. ನನ್ನ ಲ್ಯಾಪ್‌ಟಾಪ್ ಈ ಝೋಜಿ ಫೈಲನ್ನೂ ಯೂನಿಕೋಡ್ ಅಂತ್ಲೇ ಓದೋದ್ರಿಂದ ಸ್ವರಚಿಹ್ನೆ ಎಲ್ಲಾ ಜಾಗ ತಪ್ಪಿ ಕಾಣ್ತವೆ. ಫಾಂಟ್ ಬದಲಾಯಿಸಿ ನೋಡ್ದೆ, ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿದ್ರೆ ಮಸುಕು, ಆನ್‌ಲೈನ್ ಕನ್ವರ್ಟರ್‌ಗೆ ಹಾಕಿದ್ರೆ ಅರ್ಧ ಸರಿಯಾಯ್ತು, ಆದ್ರೆ ಮೊದಲೇ ಸರಿಯಿದ್ದ ಸಾಲುಗಳು ಕೆಟ್ಟೋದ್ವು. ಅಂದ್ರೆ ಒಂದೇ ಫೈಲಲ್ಲಿ ಝೋಜಿ, ಯೂನಿಕೋಡ್ ಎರಡೂ ಬೆರೆತಿವೆ. ನಂಗೆ ಆ ಲಿಪಿ ಓದಕ್ಕೆ ಬರಲ್ಲ, ಅವ್ರನ್ನೇ ಕೇಳಿದ್ರೆ ಉಡುಗೊರೆ ವಿಷ್ಯ ಮೊದಲೇ ಗೊತ್ತಾಗೋಗುತ್ತೆ, ತಪ್ಪು ಅಕ್ಷರದಲ್ಲಿ ಅವ್ರ ಕೈಗೆ ಕೊಡೋಕೂ ಮನಸ್ಸಿಲ್ಲ.

ಯಾವ ಸಾಲು ಝೋಜಿ, ಯಾವುದು ಯೂನಿಕೋಡ್ ಅಂತ ಲಿಪಿ ಗೊತ್ತಿಲ್ದೇನೂ ಕಂಡುಹಿಡಿದು, ಝೋಜಿ ಸಾಲಷ್ಟನ್ನೇ ಬದಲಾಯಿಸೋ ಟೂಲ್ ಯಾವ್ದಾದ್ರೂ ಇದ್ಯಾ?