ಸರ್ಕಾರ ‘ಕುಸಿಯುತ್ತದೆ’ಯೋ, ‘ಉರುಳುತ್ತದೆ’ಯೋ?

ಸ್ನೇಹಿತರೊಬ್ಬರು ಬರೆದಿರುವ ರಾಜಕೀಯ ನಾಟಕದ ಕರಡನ್ನು ತಿದ್ದುತ್ತಿರುವಾಗ ಎದುರಾದ ಸಂದೇಹವಿದು. ನಾಟಕದ ಕಾಲ 1991ರ ಮಾರ್ಚ್, ಸ್ಥಳ ದೆಹಲಿ. ಹಣಕಾಸು ಇಲಾಖೆಯ ಹಿರಿಯ ಅಧಿಕಾರಿಯೊಬ್ಬ ಕಡತಗಳನ್ನು ಕಟ್ಟಿಡುತ್ತ, “ರೂಪಾಯಿ ಕುಸಿಯಿತು, ಸರ್ಕಾರವೂ ಕುಸಿಯಿತು” ಎನ್ನುತ್ತಾನೆ. ಮಾತು ಕೇಳಲು ಚೆನ್ನಾಗಿದೆ, ಆದರೆ ಎರಡನೆಯ ‘ಕುಸಿಯಿತು’ ನನ್ನ ಕಿವಿಗೆ ಒಗ್ಗುತ್ತಿಲ್ಲ. (ರೂಪಾಯಿಯ ಅಪಮೌಲ್ಯವಾದದ್ದು ಆ ವರ್ಷದ ಜುಲೈ ಮೊದಲ ವಾರದಲ್ಲಿ, ಹೊಸ ಸರ್ಕಾರ ಬಂದ ಮೇಲೆ, ಅದನ್ನು ಲೇಖಕರಿಗೆ ಬೇರೆಯಾಗಿ ತಿಳಿಸಿದ್ದೇನೆ.)

ಗುಡ್ಡ ಕುಸಿಯುತ್ತದೆ, ಮಳೆಗೆ ನೆನೆದ ಗೋಡೆ ಕುಸಿಯುತ್ತದೆ, ಬೆಲೆ ಕುಸಿಯುತ್ತದೆ, ಕೆಟ್ಟ ಸುದ್ದಿ ಕೇಳಿದವರು ಕುಸಿದು ಕೂರುತ್ತಾರೆ. ಇಲ್ಲೆಲ್ಲ ವಸ್ತು ತನ್ನ ಭಾರವನ್ನು ತಾನೇ ಹೊರಲಾರದೆ ಇದ್ದಲ್ಲೇ ಇಳಿಯುತ್ತದೆ. ತಳ್ಳಿದವರು ಯಾರೂ ಇರುವುದಿಲ್ಲ. ಮರ ಉರುಳುವುದು, ತಲೆ ಉರುಳುವುದು ಹಾಗಲ್ಲ, ಅಲ್ಲಿ ಕೊಡಲಿ ಹಿಡಿದ ಕೈಯೊಂದನ್ನು ಮನಸ್ಸು ತಾನಾಗಿಯೇ ಹುಡುಕುತ್ತದೆ. ವ್ಯಾಕರಣವೂ ಇದಕ್ಕೆ ಒತ್ತಾಸೆಯಾಗಿದೆ ಎಂದು ನನಗನ್ನಿಸುತ್ತದೆ. ಬೀಳು–ಬೀಳಿಸು, ಉರುಳು–ಉರುಳಿಸು, ಪತನಗೊಳ್ಳು–ಪತನಗೊಳಿಸು ಎಂಬ ಜೋಡಿಗಳು ನಮ್ಮ ರಾಜಕೀಯದ ನಿತ್ಯದ ಮಾತಿನಲ್ಲಿವೆ. ‘ಕುಸಿಸು’ ಮಾತ್ರ ರೂಢಿಯಲ್ಲಿ ಇಲ್ಲವೆಂದೇ ಹೇಳಬೇಕು, ಬೇಕೆಂದರೆ ‘ಕುಸಿಯುವಂತೆ ಮಾಡು’ ಎಂದು ಸುತ್ತಿ ಹೇಳಬೇಕಾಗುತ್ತದೆ. ಹಾಗಾಗಿ ಸರ್ಕಾರ ‘ಕುಸಿಯಿತು’ ಎಂದವನು ಬೀಳಿಸಿದವರ ಹೆಸರನ್ನು ನುಂಗಿಕೊಂಡಂತಾಗುತ್ತದೆ.

ಆ ನಾಲ್ಕು ತಿಂಗಳಲ್ಲಿ ಎರಡು ಸರ್ಕಾರಗಳು ಹೋದವು, ಹೋದ ರೀತಿ ಒಂದೇ ಅಲ್ಲ. ವಿ.ಪಿ. ಸಿಂಗ್ ಅವರ ಸರ್ಕಾರ 1990ರ ನವೆಂಬರ್ 7ರಂದು ಲೋಕಸಭೆಯಲ್ಲಿ 142ಕ್ಕೆ 346 ಮತಗಳಿಂದ ಸೋತಿತು. ಇದಕ್ಕೆ ‘ಬಿತ್ತು’ ಎಂಬ ಎರಡಕ್ಷರದ ಮಾತೇ ಸಾಕು. ಚಂದ್ರಶೇಖರ್ ಅವರದು, ಹೊರಗಿನಿಂದ ಕಾಂಗ್ರೆಸ್ ಕೊಟ್ಟ ಬೆಂಬಲದ ಮೇಲೆ ನಿಂತಿದ್ದ ಅಲ್ಪಸಂಖ್ಯೆಯ ಸರ್ಕಾರ. ರಾಜೀವ್ ಗಾಂಧಿಯವರ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸರು ಗೂಢಚರ್ಯೆ ನಡೆಸಿದರೆಂಬ ಆರೋಪದ ಮೇಲೆ ಆ ಬೆಂಬಲ ಅಲುಗಾಡಿತು, ಮತಕ್ಕೆ ಹಾಕುವ ಪ್ರಸಂಗವೇ ಬರದೆ ಪ್ರಧಾನಿಯವರು 1991ರ ಮಾರ್ಚ್ 6ರಂದು ರಾಜೀನಾಮೆ ಕೊಟ್ಟರು. ವಿದೇಶಿ ವಿನಿಮಯ ಬರಿದಾಗುತ್ತಿದ್ದ ಆ ಹೊತ್ತಿನಲ್ಲಿ ಪೂರ್ಣ ಬಜೆಟ್ ಮಂಡಿಸಲೂ ಆಗಿರಲಿಲ್ಲ. ಇದು ಕುಸಿತವೋ, ಉರುಳಿಸಿದ್ದೋ? ಅಧಿಕಾರಿಯ ಬಾಯಲ್ಲಿ ‘ಕುಸಿಯಿತು’ ಸಹಜವೇ ಇರಬಹುದು, ಏಕೆಂದರೆ ಅವನು ಲೆಕ್ಕದ ಪುಸ್ತಕವನ್ನಷ್ಟೇ ನೋಡುತ್ತಿದ್ದಾನೆ. ಅದೇ ದೃಶ್ಯದಲ್ಲಿರುವ ಪಕ್ಷದ ಮುಖಂಡನಂತೂ ‘ಉರುಳಿಸಿಬಿಟ್ಟರು’ ಎನ್ನದೆ ಇರಲಾರ.

‘ಪತನ’ವನ್ನು ಶೀರ್ಷಿಕೆ ಬರೆಯುವವರಿಗೆ ಬಿಡೋಣ, ಮೂರಕ್ಷರದಲ್ಲಿ ಮುಗಿಯುತ್ತದೆಂಬುದೇ ಅದರ ದೊಡ್ಡ ಗುಣ, ರಂಗದ ಮೇಲೆ ಯಾರೂ ಹಾಗೆ ಮಾತಾಡುವುದಿಲ್ಲ.

ಇನ್ನೆರಡು ಸಣ್ಣ ಸಂದೇಹಗಳಿವೆ. ಕರಡಿನಲ್ಲಿ ಎಲ್ಲೆಡೆ ‘ಆರ್ಥಿಕ ಬಿಕ್ಕಟ್ಟು’ ಎಂದಿದೆ. ಕೈಯಲ್ಲಿ ಹಣವಿಲ್ಲದ ಸ್ಥಿತಿಗೆ ‘ಮುಗ್ಗಟ್ಟು’ ಎಂಬ ಹಳೆಯ, ಗಟ್ಟಿ ಮಾತಿರುವಾಗ, ಕೆಲವೇ ವಾರಗಳ ಆಮದಿಗಾಗುವಷ್ಟು ಡಾಲರ್ ಉಳಿದು, ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಹೊರದೇಶಕ್ಕೆ ಮಾರಬೇಕಾಗಿ ಬಂದ ದೇಶದ ಪಾಡಿಗೆ ಅದೇ ಹೆಚ್ಚು ಒಪ್ಪುವುದಿಲ್ಲವೇ? ದಾರಿ ಕಾಣದ ರಾಜಕೀಯ ಸಿಕ್ಕಿಗೆ ‘ಬಿಕ್ಕಟ್ಟು’ ಇರಲಿ.

ಎರಡನೆಯದು, ರಾಜೀನಾಮೆಯ ನಂತರ ಜೂನ್ ತಿಂಗಳವರೆಗೆ ಮುಂದುವರಿದ ಸರ್ಕಾರವನ್ನು ಲೇಖಕರು ‘ಉಸ್ತುವಾರಿ ಸರ್ಕಾರ’ ಎಂದಿದ್ದಾರೆ. ಜಿಲ್ಲಾ ಉಸ್ತುವಾರಿ ಸಚಿವರನ್ನು ಕೇಳಿ ಕೇಳಿ ನಮಗೆ ಆ ಪದದಲ್ಲಿ ಮೇಲ್ವಿಚಾರಣೆಯ ಅರ್ಥವೇ ಮೊದಲು ಹೊಳೆಯುತ್ತದೆ. ‘ಹಂಗಾಮಿ’ಯಲ್ಲಾದರೋ ಬೆಳೆಯ ಹಂಗಾಮಿನ ನೆನಪಿದೆ, ಇಷ್ಟು ದಿನ ಮಾತ್ರ ಎಂಬ ಗಡುವೂ ಇದೆ, ಚಿನ್ನ ಮಾರುವಂಥ ನಿರ್ಧಾರ ಹಂಗಾಮಿ ಸರ್ಕಾರದ ತಲೆಯ ಮೇಲೆ ಬಿತ್ತೆಂದಾಗ ನಾಟಕಕ್ಕೆ ಬೇಕಾದ ಬಿಗುವೂ ಸಿಗುತ್ತದೆ. ನಾನು ‘ಹಂಗಾಮಿ’ ಎಂದೇ ತಿದ್ದಿದ್ದೇನೆ.

ಅಧಿಕಾರಿಯ ಆ ಒಂದು ಸಾಲನ್ನು ಮಾತ್ರ ಇನ್ನೂ ಮುಟ್ಟಿಲ್ಲ. ‘ಕುಸಿ’ಯನ್ನು ಸರ್ಕಾರಕ್ಕೆ ಬಳಸಿದ ಹಳೆಯ ಪ್ರಯೋಗಗಳು ಯಾರ ಗಮನಕ್ಕಾದರೂ ಬಂದಿದ್ದರೆ, ಅಲ್ಲಿ ಬೀಳಿಸಿದವರ ಪ್ರಸ್ತಾಪವೂ ಅದೇ ವಾಕ್ಯದಲ್ಲಿ ಇದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು.