ಮೊದಲ ಮೂರು ದಿನ ಭ್ರೂಣದ ಡಿಎನ್‌ಎ ಕಾಯುವವರು ಯಾರು?

ಪ್ರಶ್ನೆ: ಮೇಡಂ, ವೀರ್ಯಾಣುವಿನ ಡಿಎನ್‌ಎ ಅಲ್ಲಲ್ಲಿ ಒಡೆದಿದ್ದರೂ ಭ್ರೂಣ ಬೆಳೆಯುತ್ತದಲ್ಲ, ಹೇಗೆ? ಭ್ರೂಣವೇ ರಿಪೇರಿ ಮಾಡಿಕೊಳ್ಳುತ್ತಾ?

ಭ್ರೂಣತಜ್ಞೆ: ರಿಪೇರಿ ಆಗುತ್ತದೆ, ಆದರೆ ಅದರ ಸಾಮಗ್ರಿಯೆಲ್ಲ ಅಂಡಾಣುವಿನದು. ವೀರ್ಯಾಣು ಡಿಎನ್‌ಎಯನ್ನು ಪ್ರೋಟಮೈನ್ ಎಂಬ ಪ್ರೋಟೀನ್‌ಗೆ ಸುತ್ತಿ ಬಿಗಿಯಾಗಿ ಮಡಚಿಟ್ಟಿರುತ್ತದೆ. ದುರಸ್ತಿ ಮಾಡುವ ಶಕ್ತಿ ಅದಕ್ಕೆ ತೀರಾ ಕಡಿಮೆ. ಆಕ್ಸಿಡೇಶನ್‌ನಿಂದ ಕೆಟ್ಟ ಗ್ವಾನಿನ್ (ಡಿಎನ್‌ಎಯ ಒಂದು ಅಕ್ಷರ) ಕಿತ್ತುಹಾಕುವ ಓಜಿಜಿ1 ಕಿಣ್ವ ಅದರಲ್ಲಿದೆ, ಆದರೆ ಮುಂದಿನ ಹಂತಕ್ಕೆ ಬೇಕಾದ ಎಪಿಇ1, ಎಕ್ಸ್‌ಆರ್‌ಸಿಸಿ1 ಎಂಬ ಪ್ರೋಟೀನ್‌ಗಳು ಇಲ್ಲ. ಗುಂಡಿ ತೋಡಿ ಹಾಗೇ ಬಿಟ್ಟಂತೆ. ಫಲೀಕರಣವಾದ ಮೇಲೆ, ಪ್ರೋಟಮೈನ್ ಕಳಚಿ ಅದರ ಜಾಗದಲ್ಲಿ ಮಾಮೂಲಿ ಕೋಶಗಳ ಹಿಸ್ಟೋನ್ ಪ್ರೋಟೀನ್ ಕೂರುವ ಆ ಗಂಟೆಗಳಿಂದಲೇ ಅಂಡಾಣುವಿನ ಕಿಣ್ವಗಳು ಅದನ್ನು ಮುಚ್ಚತೊಡಗುತ್ತವೆ.

ಮನುಷ್ಯ ಭ್ರೂಣದ ಸ್ವಂತ ಜೀನ್‌ಗಳು ಚುರುಕಾಗುವುದು 4ರಿಂದ 8 ಕೋಶಗಳ ಹಂತದಲ್ಲಿ, ಅಂದರೆ 3ನೇ ದಿನದ ಆಸುಪಾಸು. ಅಲ್ಲಿಯವರೆಗೆ ಅಂಡಾಣು ಕೂಡಿಟ್ಟ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸುವ ಸೂಚನೆ), ಪ್ರೋಟೀನ್‌ಗಳೇ ಬಂಡವಾಳ. ಅದಕ್ಕೇ ಅಂಡಾಣುವಿನ ಗುಣಮಟ್ಟ ಇಷ್ಟು ಮುಖ್ಯ.

ಪ್ರಶ್ನೆ: ಹಾನಿಯೇ ಆಗದಂತೆ ಏನು ರಕ್ಷಣೆ? ಭ್ರೂಣ ಬೆಳೆಸುವ ಲ್ಯಾಬಿನಲ್ಲಿ ಆಕ್ಸಿಜನ್ ಕಡಿಮೆ ಇಡುವುದು ಇದಕ್ಕೇನಾ?

ಭ್ರೂಣತಜ್ಞೆ: ಹೌದು. ಮೊದಲ ದಿನಗಳಲ್ಲಿ ಭ್ರೂಣ ಗ್ಲೂಕೋಸ್‌ ಅಷ್ಟಾಗಿ ಮುಟ್ಟದೆ ಪೈರುವೇಟ್ ಎಂಬ ಸಣ್ಣ ಅಣುವನ್ನು ಇಂಧನವಾಗಿ ಬಳಸುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಮಂದವಾಗಿ ಕೆಲಸ ಮಾಡುವುದರಿಂದ, ಡಿಎನ್‌ಎ ಕೆಡಿಸುವ ಫ್ರೀ ರಾಡಿಕಲ್‌ಗಳೂ ಕಡಿಮೆ ಹುಟ್ಟುತ್ತವೆ. ಹುಟ್ಟಿದ್ದನ್ನು ಅಂಡಾಣುವಿನ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟ್ ತಣಿಸುತ್ತದೆ. ಗರ್ಭನಾಳದಲ್ಲಿ ಆಕ್ಸಿಜನ್ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ, ಆಕ್ಸಿಜನ್ ಶೇ. 5; ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ. 6, ಮೀಡಿಯದ (ಭ್ರೂಣ ಬೆಳೆಯುವ ದ್ರವದ) ಪಿಎಚ್ 7.2–7.4ರಲ್ಲಿ ನಿಲ್ಲುವಂತೆ.

ಎಡವುವುದು ಚಿಕ್ಕ ವಿಷಯಗಳಲ್ಲಿ. ಆಕ್ಸಿಜನ್ ಇಳಿಸುವುದು ನೈಟ್ರೋಜನ್. ಸಿಲಿಂಡರ್ ಖಾಲಿಯಾದರೆ ಕಾರ್ಬನ್ ಡೈಆಕ್ಸೈಡ್ ರೀಡಿಂಗ್ ಸರಿಯಾಗೇ ಇರುತ್ತದೆ, ಆಕ್ಸಿಜನ್ ಮಾತ್ರ ಶೇ. 20ರತ್ತ ಏರುತ್ತದೆ. ಯಂತ್ರದ ಸ್ಕ್ರೀನ್ ಒಂದನ್ನೇ ನಂಬದೆ ಪ್ರತ್ಯೇಕ ಅನಲೈಸರಿನಿಂದ ಅಳೆಯಲೇಬೇಕು. ಮೀಡಿಯದ ಹನಿ ಮೇಲೆ ಹಾಕುವ ಮಿನರಲ್ ಆಯಿಲ್ ಬಿಸಿಲು, ಶಾಖ ತಾಗಿದರೆ ಪೆರಾಕ್ಸೈಡ್ ಆಗಿ ಭ್ರೂಣಕ್ಕೆ ವಿಷವಾಗುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಇಡಿ, ಹೊಸ ಬ್ಯಾಚ್ ಬಂದಾಗ ಪರೀಕ್ಷಿಸಿ.

ಪ್ರಶ್ನೆ: ಪಿಜಿಟಿ-ಎ (ಭ್ರೂಣದ ಕ್ರೋಮೋಸೋಮ್ ಪರೀಕ್ಷೆ) ಮಾಡಿಸಿದರೆ ಈ ಹಾನಿ ಕಾಣುತ್ತಾ?

ಭ್ರೂಣತಜ್ಞೆ: ನೇರವಾಗಿ ಇಲ್ಲ. ಅದು 5ನೇ ದಿನದ ಸುಮಾರಿಗೆ ಹೊರಪದರದ ಕೆಲವೇ ಕೋಶಗಳನ್ನು ತೆಗೆದು ಕ್ರೋಮೋಸೋಮ್ ಲೆಕ್ಕ ನೋಡುತ್ತದೆ. ಆರಂಭದ ವಿಭಜನೆಗಳಲ್ಲಿ ಕೋಶಚಕ್ರದ ತಪಾಸಣೆ ಸಡಿಲ. ಒಡೆದ ಡಿಎನ್‌ಎ ಇದ್ದರೂ ಕೋಶ ವಿಭಜನೆಯಾಗಿಬಿಡಬಹುದು. ಆಗ ಕ್ರೋಮೋಸೋಮಿನ ದೊಡ್ಡ ತುಂಡೇ ಕಳೆದುಹೋದರೆ ಪರೀಕ್ಷೆಯಲ್ಲಿ ಕಂಡೀತು, ಸಣ್ಣ ಬಿರುಕು ಕಾಣದು. ಬ್ಲಾಸ್ಟೊಸಿಸ್ಟ್ ಹಂತಕ್ಕೆ, ಅಂದರೆ 5ನೇ ದಿನದ ಸುಮಾರಿಗೆ, ಬರುವ ಹೊತ್ತಿಗೆ ಹಾನಿಯಾದ ಹಲವು ಕೋಶಗಳು ತಾವಾಗೇ ಸಾಯುತ್ತವೆ, ಉಳಿದವು ಮುಂದುವರಿಯುತ್ತವೆ.